ಕಡಿದಷ್ಟೂ ಚಿಗುರುವ ಕಂಟೇನರ್

ಪ್ರಶ್ನೆ: ಕಬ್ಬಿನ ತೂಕದ ಚೀಟಿ ಮುದ್ರಿಸುವ ತಂತ್ರಾಂಶವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೂರು ಸರ್ವರ್‌ಗಳನ್ನು ಒಂದಾಗಿ ನಡೆಸುವ ಡಾಕರ್ ಸ್ವಾರ್ಮ್ ಮೇಲೆ ಅದು ಓಡುತ್ತಿದೆ. ಹೊಸ ಸರ್ವಿಸ್ ಬಂದಿರುವುದರಿಂದ ಹಳೆಯದನ್ನು ತೆಗೆಯಬೇಕಿದೆ. ಆದರೆ ಕಂಟೇನರ್ (ತಂತ್ರಾಂಶದ ಒಂದು ಪ್ರತಿ ಓಡುವ ಪೆಟ್ಟಿಗೆ) ಅಳಿಸಿದ ಕ್ಷಣಕ್ಕೇ ಇನ್ನೊಂದು ಎದ್ದು ಕೂರುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಮುಧೋಳ

ಉತ್ತರ: ಮುಧೋಳದವರು ಈ ಪ್ರಶ್ನೆ ಕೇಳುವುದೇ! ಕಬ್ಬು ಕಡಿದ ಮೇಲೆ ಕೂಳೆ ಚಿಗುರುವುದನ್ನು ನಿಮಗೆ ನಾನು ಹೇಳಬೇಕೆ? ನೀವು ಕಂಟೇನರನ್ನು ಕಡಿಯುತ್ತಿದ್ದೀರಿ, ಬುಡ ಇರುವುದು ಸರ್ವಿಸ್‌ನಲ್ಲಿ, ಅಂದರೆ ಯಾವ ತಂತ್ರಾಂಶದ ಎಷ್ಟು ಪ್ರತಿ ಓಡಬೇಕೆಂಬ ಅಪ್ಪಣೆಯಲ್ಲಿ. ಎರಡು ಪ್ರತಿ ಓಡುತ್ತಿರಬೇಕೆಂದು ಅಲ್ಲಿ ಬರೆದಿದ್ದರೆ, ಒಂದು ಸತ್ತ ಕೂಡಲೇ ಸ್ವಾರ್ಮ್ ಇನ್ನೊಂದನ್ನು ಹುಟ್ಟಿಸುತ್ತದೆ.

ಮ್ಯಾನೇಜರ್ ನೋಡ್‌ನಲ್ಲಿ (ಸ್ವಾರ್ಮ್‌ಅನ್ನು ನಿಭಾಯಿಸುವ ಸರ್ವರ್) ‘ಡಾಕರ್ ಸರ್ವಿಸ್ ಆರ್‌ಎಂ’ ಎಂದು ಬರೆದು ಸರ್ವಿಸ್‌ನ ಹೆಸರು ಕೊಟ್ಟರೆ ಬುಡಸಮೇತ ಹೋಗುತ್ತದೆ. ಹೇಳಿದಷ್ಟು ದುಡಿಯುವ ವರ್ಕರ್ ನೋಡ್‌ನಲ್ಲಿ ಈ ಆದೇಶ ನಡೆಯುವುದಿಲ್ಲ.

ಇದು ‘ಖಚಿತವೇ?’ ಎಂದು ಒಂದು ಮಾತೂ ಕೇಳುವುದಿಲ್ಲ ಎಂಬುದು ನೆನಪಿರಲಿ. ಬೆಳಗಾವಿಯ ಟಿಳಕವಾಡಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಗ ಒಂದು ಭಾನುವಾರ ಸಂಜೆ ‘ಬಿಲ್-ಹಳೆ’ ತೆಗೆಯಲು ಹೋಗಿ ‘ಬಿಲ್’ ಎಂದಷ್ಟೇ ಬರೆದು ಎಂಟರ್ ಒತ್ತಿದ್ದೆ. ಪರದೆಯ ಮೇಲೆ ಆ ಹೆಸರು ಒಮ್ಮೆ ಮೂಡಿತು, ಅಷ್ಟೇ. ಕೈಯಲ್ಲಿದ್ದ ಚಹಾ ಆರುವ ಮೊದಲೇ ಫೋನ್ ಬಂತು. ಅಂದಿನಿಂದ ನಾನು ಮೊದಲು ‘ಡಾಕರ್ ಸರ್ವಿಸ್ ಸ್ಕೇಲ್’ ಬಳಸಿ ಪ್ರತಿಗಳ ಸಂಖ್ಯೆಯನ್ನು 0 ಮಾಡಿ, ಒಂದು ದಿನ ಕಾಯುತ್ತೇನೆ. ಯಾರಾದರೂ ಬೊಬ್ಬೆ ಹೊಡೆದರೆ ಅದೇ ಆದೇಶದಲ್ಲಿ 2 ಎಂದು ಬರೆದರಾಯಿತು, ಸರ್ವಿಸ್ ಮತ್ತೆ ಎದ್ದು ನಿಲ್ಲುತ್ತದೆ.

ತೂಕದ ಯಂತ್ರದ ಮೇಲೆ ಟ್ರ್ಯಾಕ್ಟರ್ ನಿಂತಿರುವಾಗ ಮಾತ್ರ ಇದಕ್ಕೆ ಕೈಹಾಕಬೇಡಿ. ನಿಲ್ಲು ಎಂದ ಮೇಲೆ ಕಂಟೇನರ್‌ಗೆ ಸಿಗುವುದು, ನೀವು ಬದಲಿಸಿರದಿದ್ದರೆ, 10 ಸೆಕೆಂಡ್ ಮಾತ್ರ. ಆಮೇಲೆ ಬಲವಂತವಾಗಿ ಮುಚ್ಚುತ್ತದೆ. ಅರ್ಧ ಮುದ್ರಿತವಾದ ಚೀಟಿ ಹಿಡಿದ ರೈತರಿಗೆ ನೀವೇ ಉತ್ತರ ಹೇಳಬೇಕಾಗುತ್ತದೆ.

ಸರ್ವಿಸನ್ನು ಸ್ಟ್ಯಾಕ್ ಕಡತದಿಂದ (ಸರ್ವಿಸ್‌ಗಳನ್ನು ಒಟ್ಟಿಗೆ ಬರೆದಿಡುವ ಕಡತ) ಹುಟ್ಟಿಸಿದ್ದರೆ ಅಲ್ಲಿರುವ ಸಾಲುಗಳನ್ನೂ ಅಳಿಸಿ. ಇಲ್ಲದಿದ್ದರೆ ಮುಂದಿನ ಸಲ ಯಾರೋ ‘ಸ್ಟ್ಯಾಕ್ ಡಿಪ್ಲಾಯ್’ ಮಾಡಿದಾಗ ಅದು ಮತ್ತೆ ಹಾಜರಾಗುತ್ತದೆ. ಹೆಸರಿಟ್ಟ ವಾಲ್ಯೂಮ್‌ಗಳು (ಕಂಟೇನರ್‌ನ ಹೊರಗೆ ದತ್ತಾಂಶ ಇಡುವ ಜಾಗ) ಸರ್ವಿಸ್‌ನ ಜೊತೆ ಅಳಿಯುವುದಿಲ್ಲ. ಅವುಗಳಲ್ಲಿ ತೂಕದ ದಾಖಲೆಯಿದ್ದರೆ ಹಂಗಾಮಿನ ಬಿಲ್ಲು ಪಾವತಿಯಾಗುವವರೆಗೂ ಮುಟ್ಟಬೇಡಿ.