ಮೆಲ್ಬರ್ನ್‌ಗೆ ಬಂದ ಅಕೌಂಟೆಂಟ್ ತಂಗಿಗೆ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೀತೀನಿ. ಹುಬ್ಬಳ್ಳಿಯಲ್ಲಿ ಬಿಕಾಂ, ಸಿಎ ಇಂಟರ್, ಮೂರು ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ತರಬೇತಿ. ಈಗ ಗಂಡನ ವೀಸಾದಲ್ಲಿ ಬಂದು ಮೂರು ತಿಂಗಳು, ಜೊತೆಗೆ ನಾಲ್ಕು ವರ್ಷದ ಮಗಳು. 'ಇದನ್ನೆಲ್ಲ ಬಿಟ್ಟು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿ ಅಂತಾರೆ ಎಲ್ಲರೂ, ಏನು ಮಾಡಲಿ?' ಅಂತ ನಿನ್ನ ಪ್ರಶ್ನೆ.

ಬಿಡಬೇಡ. 2009ರಲ್ಲಿ ನಾನು ದಾವಣಗೆರೆಯಿಂದ ಬಂದಾಗಲೂ ಇದೇ ಉಪದೇಶ ಸಿಕ್ಕಿತ್ತು. ಹೇಳಿದವರಲ್ಲಿ ಒಬ್ಬರೂ ಲೆಡ್ಜರ್ ಮುಟ್ಟಿದವರಲ್ಲ.

ಡೆಬಿಟ್, ಕ್ರೆಡಿಟ್ ಇಲ್ಲೂ ಅದೇ. ಬದಲಾಗೋದು ತೆರಿಗೆ ಮತ್ತು ತಾರೀಖು. ವರ್ಷ ಮುಗಿಯೋದು ಜೂನ್ 30ಕ್ಕೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಜಾಗದಲ್ಲಿ ಸಾಮಾನ್ಯವಾಗಿ ಝೀರೋ (Xero) ಅನ್ನೋದು ಇರುತ್ತೆ. ಜಿಎಸ್‌ಟಿಗೆ ನಮ್ಮಲ್ಲಿಯ ಹಾಗೆ ಹಲವು ದರ ಇಲ್ಲ, 10 ಪರ್ಸೆಂಟ್ ಒಂದೇ; ಅಂಗಡಿಯ ಟೊಮೇಟೊಗೆ ಇಲ್ಲ, ಹೋಟೆಲಿನ ದೋಸೆಗೆ ಇದೆ. ತಿಂಗಳು ತಿಂಗಳು ಜಿಎಸ್‌ಟಿಯ 3ಬಿ ರಿಟರ್ನ್ ತುಂಬಿದ ನಿನಗೆ ಇಲ್ಲಿಯ ಬಿಎಎಸ್, ಅಂದರೆ ವ್ಯಾಪಾರಸ್ಥರು ಜಿಎಸ್‌ಟಿ ಲೆಕ್ಕ ಸಲ್ಲಿಸೋ ಬಿಸಿನೆಸ್ ಆಕ್ಟಿವಿಟಿ ಸ್ಟೇಟ್‌ಮೆಂಟ್, 'ಬ್ಯಾಸ್' ಅಂತಾರೆ, ಸುಲಭವಾಗೇ ಒಗ್ಗುತ್ತೆ. ಸಣ್ಣ ವ್ಯಾಪಾರಸ್ಥರು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸಲ್ಲಿಸೋದು.

ನಾನು ಮಾಡಿದ ತಪ್ಪು ಮಾತ್ರ ಮಾಡಬೇಡ. ಸಿಪಿಎ, ಅಂದರೆ ಇಲ್ಲಿಯ ಅಕೌಂಟೆಂಟರ ವೃತ್ತಿ ಪರೀಕ್ಷೆ, ಮುಗಿಸಿಯೇ ಕೆಲಸಕ್ಕೆ ಹೋಗ್ತೀನಿ ಅಂತ ಎರಡು ವರ್ಷ ಮನೆಯಲ್ಲಿ ಪುಸ್ತಕ ಹಿಡಿದು ಕೂತೆ. ಆಮೇಲೆ ಅರ್ಜಿ ಹಾಕಿದರೆ ಎಲ್ಲ ಕಡೆ ಒಂದೇ ಮಾತು, ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ. ಕೊನೆಗೆ ಮೆಲ್ಬರ್ನ್ ಹೊರವಲಯದ ವೆರಿಬಿಯಲ್ಲಿ ಎರಡು ಕೋಣೆಯ ಆಫೀಸೊಂದು ವಾರಕ್ಕೆ ಎರಡು ದಿನ ಬುಕ್‌ಕೀಪಿಂಗ್ ಕೊಟ್ಟಿತು. ಗಿರಾಕಿಗಳೆಲ್ಲ ಪ್ಲಾಸ್ಟರ್‌ನವರು, ಎಲೆಕ್ಟ್ರಿಷಿಯನ್ನರು. ವರ್ಷದ ಬಿಲ್ಲೆಲ್ಲ ಶೂ ಡಬ್ಬದಲ್ಲಿ ತುಂಬಿ ತಂದು ಮೇಜಿನ ಮೇಲೆ ಸುರಿಯೋರು, ಅರ್ಧ ಬಿಲ್ಲಿನ ಅಕ್ಷರ ಬಿಸಿಲಿಗೆ ಅಳಿಸಿಹೋಗಿರೋದು. ಫೋನಿನಲ್ಲಿ 'ಆರ್ವೋ' ಅಂದರೆ ಮಧ್ಯಾಹ್ನ ಅಂತ ತಿಳಿಯೋಕೇ ನನಗೆ ವಾರ ಹಿಡೀತು. ಆದರೆ ಪುಸ್ತಕದಲ್ಲಿ ಓದಿದ ತೆರಿಗೆ ತಲೆಗೆ ಹತ್ತಿದ್ದು ಆ ಡಬ್ಬಗಳಿಂದಲೇ.

ಹೀಗೆ ಒಬ್ಬರ ಕೈಕೆಳಗೆ ಮಾಡಿದ ಗಂಟೆಗಳನ್ನು ಬರೆದಿಡು. ಬೇರೆಯವರ ಬ್ಯಾಸ್ ತುಂಬಿಕೊಡೋ ಬ್ಯಾಸ್ ಏಜೆಂಟ್ ಆಗಿ ನೋಂದಾಯಿಸಿಕೊಳ್ಳೋಕೆ ಟೇಫ್‌ನಲ್ಲಿ, ಅಂದರೆ ಇಲ್ಲಿಯ ಸರ್ಕಾರಿ ವೃತ್ತಿ ಶಿಕ್ಷಣ ಕಾಲೇಜಿನಲ್ಲಿ, ಸಿಗೋ ಸರ್ಟಿಫಿಕೇಟ್ ಫೋರ್ ಮಟ್ಟದ ಓದಿನ ಜೊತೆ, ಹಿಂದಿನ ನಾಲ್ಕು ವರ್ಷದಲ್ಲಿ ಸಾಮಾನ್ಯವಾಗಿ 1,400 ಗಂಟೆ ಅನುಭವ ಕೇಳ್ತಾರೆ. ನೋಂದಣಿ ಇಲ್ಲದೆ ಪರಿಚಯದವರ ಬ್ಯಾಸ್‌ಗೆ ದುಡ್ಡು ತಗೋಬೇಡ, ಅದು ಕಾನೂನಿಗೆ ವಿರುದ್ಧ. ನಮ್ಮವರೇ 'ಏನಾಗಲ್ಲ ಬಿಡಿ' ಅಂತಾರೆ, ಕೇಳಬೇಡ.

ಹೆಣ್ಣಾಗಿ ಇಲ್ಲಿ ಕಷ್ಟವಾ ಅಂತಾನೂ ಕೇಳಿದ್ದೀಯ. ಒಳಗೆ ಹೋಗೋಕೆ ಕಷ್ಟವಿಲ್ಲ, ಯಾವ ಆಫೀಸಿಗೆ ಹೋದರೂ ಹೆಂಗಸರಿದ್ದಾರೆ. ಮೇಲೆ ಹೋಗೋದು ಬೇರೆ ವಿಷಯ. ನನ್ನ ಎರಡನೇ ಆಫೀಸಿನಲ್ಲಿ ವಾರಕ್ಕೆ ಮೂರು ದಿನ ಅಂತ ಸೇರಿ, ಮಗ ಮಲಗಿದ ಮೇಲೆ ಮನೆಯಲ್ಲಿ ಉಳಿದೆರಡು ದಿನದ ಕೆಲಸಾನೂ ಮುಗಿಸ್ತಿದ್ದೆ. ನಾನೇ ಕೆಲಸ ಕಲಿಸಿದ ಹುಡುಗನನ್ನು ಮ್ಯಾನೇಜರ್ ಮಾಡಿದರು. ಕೇಳಿದ್ದಕ್ಕೆ, 'ನೀವು ಪಾರ್ಟ್‌ಟೈಮಲ್ಲೇ ಖುಷಿಯಾಗಿದ್ದೀರಿ ಅಂದುಕೊಂಡ್ವಿ' ಅಂದರು. ಸಿಟ್ಟು ಬಂದದ್ದು ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ನಾಲ್ಕು ವರ್ಷದಲ್ಲಿ ಒಂದು ಸಲಾನೂ ಬಾಯಿ ಬಿಟ್ಟು ಕೇಳಿರಲಿಲ್ಲ. ಮುಂದಿನ ವರ್ಷ ಅಲ್ಲಿಂದ ಹೊರಬಿದ್ದೆ. ಈಗ ಟ್ಯಾಕ್ಸ್ ಏಜೆಂಟ್ ಆಗಿ ನನ್ನದೇ ಪ್ರಾಕ್ಟೀಸ್ ಇದೆ, ಆ ಪ್ಲಾಸ್ಟರ್‌ನವರಲ್ಲಿ ಮೂವರು ಇವತ್ತಿಗೂ ಬರ್ತಾರೆ. ಒಬ್ಬ ಮಾತ್ರ ಇನ್ನೂ ಡಬ್ಬ ಬಿಟ್ಟಿಲ್ಲ.

ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಕಿಂಡರ್, ಅಂದರೆ ಶಾಲೆಗೆ ಮುಂಚಿನ ಶಿಶುವಿಹಾರ, ಸಾಮಾನ್ಯವಾಗಿ ವಾರಕ್ಕೆ 15 ಗಂಟೆ ಉಚಿತ. ಮಗಳನ್ನು ಸೇರಿಸು, ಆ ಗಂಟೆಗಳಲ್ಲಿ ಹತ್ತಿರದ ಸಣ್ಣ ಆಫೀಸುಗಳ ಬಾಗಿಲು ತಟ್ಟು. ಜುಲೈ ಗದ್ದಲಕ್ಕೆ ಮುಂಚೆ ಹೋದರೆ ಮಾತಾಡೋಕೆ ಅವರಿಗೂ ಪುರುಸೊತ್ತಿರುತ್ತೆ. ರೆಸ್ಯೂಮೆಯಲ್ಲಿ ಆರ್ಟಿಕಲ್‌ಶಿಪ್ ಅಂತಷ್ಟೇ ಬರೆದರೆ ಇಲ್ಲಿಯವರಿಗೆ ತಿಳಿಯಲ್ಲ. ಎಷ್ಟು ಅಂಗಡಿ, ಎಷ್ಟು ಫ್ಯಾಕ್ಟರಿ ಆಡಿಟ್ ಮಾಡಿದೆ ಅಂತ ಬಿಡಿಸಿ ಬರಿ. ಬರೆದು ನನಗೆ ಕಳಿಸು, ಭಾನುವಾರ ನೋಡ್ತೀನಿ.