ಉತ್ತರ: ಮದುವೆ ಪತ್ರಿಕೆ ಆ್ಯಪ್‌ಗೆ ಏಪ್ರಿಲ್ ಕೊನೆಗೆ ಬಜೆಟ್ ಡಬಲ್ ಮಾಡುವ ವಿಚಾರ

ಸರ್, ಕಳೆದ ವರ್ಷ ಏಪ್ರಿಲ್ 20ರಿಂದ ಮೇ 20ರ ತನಕ ಮದುವೆ, ಗೃಹಪ್ರವೇಶದ ಆಮಂತ್ರಣ ಪತ್ರಿಕೆ ಮಾಡುವ ನಿಮ್ಮ ಆ್ಯಪ್‌ಗೆ ಡೌನ್‌ಲೋಡ್ ಏರಿತ್ತು, ಅದಕ್ಕೆ 2026ರಲ್ಲೂ ಅದೇ ತಿಂಗಳಿಗೆ ಆ್ಯಡ್ ಬಜೆಟ್ ಡಬಲ್ ಮಾಡ್ತೀನಿ ಅಂತ ಬರೆದಿದ್ದೀರಿ. ದಯವಿಟ್ಟು ಮಾಡಬೇಡಿ. ಈ ವರ್ಷ ಮೇ 17ರಿಂದ ಜೂನ್ 15ರ ತನಕ ಅಧಿಕ ಜ್ಯೇಷ್ಠ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ವೈಶಾಖದ ಮದುವೆಗಳೆಲ್ಲ ಮೇ 16ರೊಳಗೆ ಮುಗಿಯುತ್ತವೆ. ಅವರ ಪತ್ರಿಕೆ ಏಪ್ರಿಲ್ ಕೊನೆಗೆ ಬಹುಪಾಲು ಹಂಚಿ ಆಗಿರುತ್ತದೆ. ನೀವು ದುಡ್ಡು ಸುರಿಯುವ ಹೊತ್ತಿಗೆ ಹುಡುಕುವವರೇ ಕಡಿಮೆ.

ಈ ಗುಂಪಿನಲ್ಲಿ ನನಗಿಂತ ಮೊದಲು ನಿಮಗೆ ಉತ್ತರಿಸಿದ ಇಬ್ಬರು "ಗ್ರಾಫ್ ಚೆನ್ನಾಗಿದೆ, ಮುಂದುವರಿಸಿ" ಅಂದಿದ್ದಾರೆ. ಪಂಚಾಂಗ ತೆಗೆದು ನೋಡದೆ ಹೀಗೆ ಸಲಹೆ ಕೊಡುವುದು ತಪ್ಪು. ಇನ್ನೊಬ್ಬರ ದುಡ್ಡು ಹೋಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಾಗ ತುಮಕೂರಿನಲ್ಲಿ ನಮ್ಮ ಹಬ್ಬದ ಪೋಸ್ಟರ್ ಆ್ಯಪ್‌ಗೆ ಇದೇ ಆಯಿತು. 2022ರ ಗ್ರಾಫ್ ನೋಡಿ ಆಗಸ್ಟ್ ಶುರುವಿನಲ್ಲೇ ಖರ್ಚು ಮಾಡಿದೆವು. ವರಮಹಾಲಕ್ಷ್ಮಿ ಹಬ್ಬ ಬಂದಿದ್ದು ಆಗಸ್ಟ್ 25ಕ್ಕೆ. ಗಣೇಶ ಸೆಪ್ಟೆಂಬರ್ 18ಕ್ಕೆ ಹೋಯಿತು.

ಚಾಂದ್ರಮಾನ ವರ್ಷ ಸುಮಾರು 354 ದಿನ. ಹಬ್ಬ ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದ ವರ್ಷ ಒಮ್ಮೆಲೇ ಮುಂದೆ ಜಿಗಿಯುತ್ತದೆ. ದೀಪಾವಳಿ 2025ರಲ್ಲಿ ಅಕ್ಟೋಬರ್ 20, ಈ ವರ್ಷ ನವೆಂಬರ್ 8. ನಮ್ಮ ಡೌನ್‌ಲೋಡ್ ಲೆಕ್ಕ ತೋರಿಸುವ ಗೂಗಲ್‌ನ ಪ್ಲೇ ಕನ್ಸೋಲ್‌ಗೆ ಇದು ಗೊತ್ತಿಲ್ಲ. ಕಳೆದ ವರ್ಷಕ್ಕೆ ಹೋಲಿಸು ಅಂದರೆ ಅದೇ ತಾರೀಕಿಗೆ ಹೋಲಿಸಿ ಇಳಿಕೆ ತೋರಿಸುತ್ತದೆ, ನಾವು ಸುಮ್ನೆ ಹೆದರುತ್ತೇವೆ.

ನಮಗೆ ಕೆಲಸ ಮಾಡಿದ್ದು ಇದು. ನಿಮ್ಮ ಆ್ಯಪ್‌ನಲ್ಲಿ ಬಳಕೆದಾರರು ಸಮಾರಂಭದ ತಾರೀಕು ಹಾಕುತ್ತಾರೆ ಅಲ್ವಾ? ಅದು ನಿಮ್ಮ ಹತ್ತಿರ ಇರುವ ಚಿನ್ನ. ಇನ್‌ಸ್ಟಾಲ್ ಆದ ದಿನಕ್ಕೂ ಆ ತಾರೀಕಿಗೂ ಎಷ್ಟು ದಿನ ಅಂತರ ಅಂತ ಶೀಟ್‌ನಲ್ಲಿ ತೆಗೆಯಿರಿ. ಹೆಸರು, ಫೋನ್ ನಂಬರ್ ಶೀಟ್‌ಗೆ ತರಬೇಡಿ, ಎರಡು ತಾರೀಕು ಸಾಕು. ಸರಾಸರಿ ತೆಗೆಯಬೇಡಿ. ಎಂಟು ತಿಂಗಳು ಮುಂಚೆಯೇ ಡಿಸೈನ್ ನೋಡುವವರು ಕೆಲವರು ಇರುತ್ತಾರೆ, ಅವರಿಂದ ಲೆಕ್ಕ ಕೆಡುತ್ತದೆ. ಎಲ್ಲ ಅಂತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಸರಿಯಾಗಿ ನಡುವೆ ಬರುವ ಅಂಕಿ ಹಿಡಿಯಿರಿ. ಮದುವೆಗೆ ಬೇರೆ, ಗೃಹಪ್ರವೇಶಕ್ಕೆ ಬೇರೆ. ಗೃಹಪ್ರವೇಶದವರು ಕೊನೆಯ ವಾರಕ್ಕೆ ಬರುತ್ತಾರೆ. ಮದುವೆಯವರು ಮೂರು ನಾಲ್ಕು ವಾರ ಮುಂಚೆ.

ಆಮೇಲೆ ಪಂಚಾಂಗದಿಂದ ಈ ವರ್ಷದ ಮುಹೂರ್ತಗಳನ್ನು ವಾರವಾರು ಬರೆದುಕೊಳ್ಳಿ. ಗುರು ಅಸ್ತ, ಶುಕ್ರ ಅಸ್ತ (ಆ ಗ್ರಹ ಸೂರ್ಯನ ಹತ್ತಿರ ಬಂದು ಕಾಣದ ದಿನಗಳು), ಆಷಾಢ, ಧನುರ್ಮಾಸ, ಹೀಗೆ ಮದುವೆ ಇಡದ ದಿನಗಳನ್ನೆಲ್ಲ ತೆಗೆದುಹಾಕಿ. ಉಳಿದ ಸಾಲನ್ನು ಆ ಅಂತರದಷ್ಟು ಹಿಂದಕ್ಕೆ ಸರಿಸಿ. ಅದೇ ನಿಮ್ಮ ಡೌನ್‌ಲೋಡ್ ಕ್ಯಾಲೆಂಡರ್. ಈ ವರ್ಷಕ್ಕೆ ಹೀಗೆ ಸರಿಸಿದರೆ ಏನು ಸಿಗುತ್ತದೆ ನೋಡಿ. ನಿಜ ಜ್ಯೇಷ್ಠ ಜೂನ್ 16ರಿಂದ. ಜುಲೈ 15ಕ್ಕೆ ಆಷಾಢ. ನಡುವೆ ಒಂದೇ ತಿಂಗಳು, ಅದಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಅವರ ಪತ್ರಿಕೆ ಕೆಲಸ ಮೇ 20ರಿಂದ ಜೂನ್ 20ರ ಒಳಗೆ. ಅಂದ್ರೆ ಮದುವೆಯೇ ಇಲ್ಲದ ಅಧಿಕ ಮಾಸದಲ್ಲೇ ನಿಮಗೆ ಡೌನ್‌ಲೋಡ್ ಜಾಸ್ತಿ. ಬಜೆಟ್ ಅಲ್ಲಿಗೆ ಇಡಿ.

ಆದರೆ ಕೆಲವು ಮನೆಗಳಲ್ಲಿ ಅಧಿಕ ಮಾಸದಲ್ಲಿ ಪತ್ರಿಕೆಗೂ ಕೈ ಹಾಕುವುದಿಲ್ಲ. ಲಗ್ನಪತ್ರಿಕೆ ಶಾಸ್ತ್ರ ಆದಮೇಲೆಯೇ ಶುರು. ಅಂಥವರು ಜೂನ್ 16ರ ನಂತರ ಒಟ್ಟಿಗೆ ಬರುತ್ತಾರೆ. ಅದಕ್ಕೆ ಮೇ 20ಕ್ಕೆ ಪೂರ್ತಿ ಸುರಿಯದೆ ಮೂರನೇ ಒಂದು ಭಾಗ ಉಳಿಸಿ.

ನೀವು ಚಿಂತಾಮಣಿ ಕಡೆಯವರು, ಅದಕ್ಕೆ ಇನ್ನೊಂದು ಮಾತು. ಪಂಚಾಂಗ ಎಲ್ಲರಿಗೂ ಒಂದೇ ಅಲ್ಲ. ಕೆಜಿಎಫ್ ಕಡೆಯ ತಮಿಳರಿಗೆ ಸೌರಮಾನದ ಆಡಿ ತಿಂಗಳು. ಅದು ಪ್ರತಿ ವರ್ಷ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕವೇ, ಜರುಗುವುದಿಲ್ಲ. ಮುಸ್ಲಿಮರ ಹಿಜರಿ ವರ್ಷಕ್ಕೆ ಅಧಿಕ ಮಾಸವೇ ಇಲ್ಲ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಬರುತ್ತಲೇ ಇರುತ್ತದೆ, ಆ ತಿಂಗಳು ನಿಕಾಹ್ ಕಡಿಮೆ. ಬಾಗೇಪಲ್ಲಿ, ನಮ್ಮ ಪಾವಗಡ ಕಡೆ ತೆಲುಗು ಪತ್ರಿಕೆ ಕೇಳುತ್ತಾರೆ. ಪ್ಲೇ ಸ್ಟೋರ್‌ನಲ್ಲಿ ತೆಲುಗು, ತಮಿಳು, ಉರ್ದು ಲಿಸ್ಟಿಂಗ್ (ಆ್ಯಪ್‌ನ ವಿವರ ಪುಟ) ಹಾಕಿ, ಸ್ಕ್ರೀನ್‌ಶಾಟ್ ಕೂಡ ಆ ಭಾಷೆಯದೇ ಇರಲಿ. ಕನ್ನಡ ಸ್ಕ್ರೀನ್‌ಶಾಟ್ ಇಟ್ಟು ತೆಲುಗಿನವರು ಯಾಕೆ ಇನ್‌ಸ್ಟಾಲ್ ಮಾಡಲ್ಲ ಅಂತ ಕೇಳುವವರನ್ನು ಈ ಗುಂಪಿನಲ್ಲೇ ನೋಡಿದ್ದೇನೆ.

ಆಷಾಢದಲ್ಲಿ ಡೌನ್‌ಲೋಡ್ ಬಿದ್ದ ಕೂಡಲೇ ಐಕಾನ್ ಬದಲಿಸುವ ಅಭ್ಯಾಸ ಬಿಡಿ. ಆಷಾಢದಲ್ಲಿ ಐಕಾನ್ ಬದಲಿಸುತ್ತೀರಿ, ಶ್ರಾವಣಕ್ಕೆ ಡೌನ್‌ಲೋಡ್ ತಾನಾಗೇ ಏರುತ್ತದೆ, ಐಕಾನ್ ಗೆದ್ದಿತು ಅಂತ ನಂಬುತ್ತೀರಿ. ಬದಲಿಸಲೇಬೇಕು ಅಂದ್ರೆ ಕನ್ಸೋಲ್‌ನ ಸ್ಟೋರ್ ಲಿಸ್ಟಿಂಗ್ ಎಕ್ಸ್‌ಪೆರಿಮೆಂಟ್ ಬಳಸಿ. ಹಳೆಯದು, ಹೊಸದು ಎರಡನ್ನೂ ಒಂದೇ ಕಾಲದಲ್ಲಿ ಬೇರೆ ಬೇರೆ ಜನಕ್ಕೆ ತೋರಿಸುತ್ತದೆ, ಸೀಸನ್ ಗೊಂದಲ ಇರಲ್ಲ. ವಾರಕ್ಕಿಂತ ಮೊದಲು ನಿಲ್ಲಿಸಬೇಡಿ, ಭಾನುವಾರದ ಜನವೇ ಬೇರೆ.

ಬಿದ್ದಿದ್ದು ಸೀಸನ್‌ನಿಂದಲಾ ಆ್ಯಪ್ ಕೆಟ್ಟಿದ್ದರಿಂದಲಾ ಅಂತ ತಿಳಿಯಲು ಹುಟ್ಟುಹಬ್ಬ ಮತ್ತು ವೈಕುಂಠ ಸಮಾರಾಧನೆ ಪತ್ರಿಕೆಗಳ ಲೆಕ್ಕ ನೋಡಿ. ಅವಕ್ಕೆ ಮುಹೂರ್ತದ ಸೀಸನ್ ಇಲ್ಲ. ಅವೂ ಬಿದ್ದಿದ್ದರೆ ಆ್ಯಪ್ ಎಲ್ಲಿ ನಿಂತುಹೋಗುತ್ತಿದೆ ಅಂತ ತೋರಿಸುವ ಕ್ರ್ಯಾಶ್ ರಿಪೋರ್ಟ್ ತೆರೆಯಿರಿ. ಮದುವೆ ಮಾತ್ರ ಬಿದ್ದಿದ್ದರೆ ಕಾಯಿರಿ. ಮದುವೆ ಮುಗಿದ ಮೇಲೆ ಅನ್‌ಇನ್‌ಸ್ಟಾಲ್ ಮಾಡುತ್ತಾರೆ ಅಂತಲೂ ಬೇಜಾರು ಬೇಡ. ಎಷ್ಟು ಪತ್ರಿಕೆ ಮುಗಿಸಿ ಹಂಚಿದರು ಅನ್ನುವುದೇ ನಿಮ್ಮ ಅಂಕಿ.

ಆ್ಯಡ್ ವಿಷಯಕ್ಕೆ, ನನಗೆ ಗೂಗಲ್ ಆ್ಯಪ್ ಕ್ಯಾಂಪೇನ್ (ಗೂಗಲ್ ಹುಡುಕಾಟ, ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಜಾಹೀರಾತು ತೋರಿಸುವುದು) ಮೇಲೆಯೇ ನಂಬಿಕೆ. ಪತ್ರಿಕೆ ಬೇಕಾದವನು ಹುಡುಕುತ್ತಾನೆ. ಇನ್‌ಸ್ಟಾಗ್ರಾಂನಲ್ಲಿ ರೀಲ್ ನೋಡುತ್ತಾ ಇನ್‌ಸ್ಟಾಲ್ ಮಾಡಿದವನು ತಾರೀಕು ಕೂಡ ಹಾಕದೆ ಹೋಗುತ್ತಾನೆ. ಆದರೆ ರಾತ್ರೋರಾತ್ರಿ ಡಬಲ್ ಮಾಡಬೇಡಿ, ಆ್ಯಡ್ ಯಾರಿಗೆ ತೋರಿಸಬೇಕು ಅಂತ ಗೂಗಲ್ ಮತ್ತೆ ಕಲಿಯಲು ಶುರು ಮಾಡುತ್ತದೆ. ಶೇ. 20ರಂತೆ ಕೆಲವು ದಿನ ಬಿಟ್ಟು ಬಿಟ್ಟು ಏರಿಸಿ. ದಿನದ ಬಜೆಟ್ ಒಂದು ಇನ್‌ಸ್ಟಾಲ್‌ಗೆ ಇಟ್ಟ ಗುರಿ ಬೆಲೆಯ 50 ಪಟ್ಟು ಇರಲಿ ಅಂತ ಗೂಗಲ್ ಹೇಳುತ್ತದೆ. ನಮ್ಮಂಥ ಸಣ್ಣವರಿಗೆ ಅದು ಭಾರ, ಹಾಗಾಗಿ ವರ್ಷಪೂರ್ತಿ ತೆಳ್ಳಗೆ ಹರಡದೆ ಸೀಸನ್‌ನಲ್ಲಿ ಮಾತ್ರ ಗಟ್ಟಿಯಾಗಿ ನಡೆಸಿ. ದಸರಾ ಹೊತ್ತಿಗೆ ಫ್ಲಿಪ್‌ಕಾರ್ಟ್, ಅಮೆಜಾನ್ ಸೇಲ್ ಇರುವಾಗ ಆ್ಯಡ್ ದರ ಏರುತ್ತದೆ, ಆ ದಿನಗಳಲ್ಲಿ ಪೈಪೋಟಿಗೆ ಇಳಿಯಬೇಡಿ. ಆಗ ಪ್ರಿಂಟಿಂಗ್ ಪ್ರೆಸ್, ಕಲ್ಯಾಣ ಮಂಟಪದ ಆಫೀಸಿನಲ್ಲಿ ಕ್ಯೂಆರ್ ಸ್ಟಿಕ್ಕರ್ ಅಂಟಿಸಿ.

ಜನ ಏನು ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್ ನೋಡುವಾಗ ಕರ್ನಾಟಕ ಆರಿಸಿ, ಐದು ವರ್ಷ ಹಾಕಿ. ಅಲ್ಲಿನ 100 ಅಂದ್ರೆ ನೂರು ಜನ ಅಲ್ಲ, ಆ ಅವಧಿಯ ಗರಿಷ್ಠ ಮಟ್ಟ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಹೆಸರಿಗೆ 30 ಅಕ್ಷರವೇ ಮಿತಿ. ಕನ್ನಡದಲ್ಲಿ ಒತ್ತು, ಗುಣಿತ ಬೇರೆ ಬೇರೆ ಎಣಿಕೆ ಆಗುತ್ತವೆ, "ಪತ್ರಿಕೆ"ಗೇ ಏಳು ಹೋಗುತ್ತದೆ. ಹೆಸರಿನಲ್ಲಿ "ನಂ. 1" ಅಂತ ಹಾಕಬೇಡಿ, ಪಾಲಿಸಿ ಬಿಡಲ್ಲ.

ಹೊಸ ಡಿಸೈನ್‌ಗಳ ಅಪ್‌ಡೇಟ್ ಮೇ 10ರೊಳಗೆ ಕಳಿಸಿಬಿಡಿ. ಗೂಗಲ್‌ನ ರಿವ್ಯೂಗೆ ಒಮ್ಮೊಮ್ಮೆ ಏಳು ದಿನ ದಾಟುತ್ತದೆ. ಒಂದೇ ಸಲ ಎಲ್ಲರಿಗೂ ಬಿಡದೆ ಶೇ. 10 ಜನಕ್ಕೆ ಮೊದಲು ಬಿಡಿ. ಅಂತರದ ಶೀಟ್ ಮಾಡಿದ ಮೇಲೆ ಇಲ್ಲೇ ಹಾಕಿ, ಮುಹೂರ್ತದ ಸಾಲು ಸರಿಯಾಗಿ ಸರಿದಿದೆಯಾ ನೋಡಿ ಹೇಳುತ್ತೇನೆ.