ಬೆಳ್ಳಿ ಹಳೆಯದು, ಬರಹ ಹೊಸದು

ಪ್ರಶ್ನೆ: ಸಣ್ಣ ರಷ್ಯನ್ ಬೆಳ್ಳಿ ಬಟ್ಟಲೊಂದು ಮಾರಾಟಕ್ಕಿದೆ. ತಳದಲ್ಲಿ ‘84’ ಮುದ್ರೆ, ಅಂಚಿನ ಕೆಳಗೆ ಹೀಬ್ರೂ ಬರಹ. ಯಹೂದಿಗಳು ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನ ಸಂಜೆ ದ್ರಾಕ್ಷಾರಸಕ್ಕೆ ಬಳಸುವ ಕಿದ್ದುಶ್ ಬಟ್ಟಲು ಎನ್ನುತ್ತಾರೆ. ನಂಬಬಹುದೆ?

ಉತ್ತರ: 84 ಎನ್ನುವುದು ತೂಕವಲ್ಲ, ಇಸವಿಯೂ ಅಲ್ಲ. ರಷ್ಯದ ಹಳೆ ಲೆಕ್ಕದಲ್ಲಿ ಶುದ್ಧ ಬೆಳ್ಳಿ 96 ಜೊಲೊಟ್ನಿಕ್. ಅದರಲ್ಲಿ 84 ಎಂದರೆ ಸಾವಿರಕ್ಕೆ 875 ಪಾಲು. ಈ ಅಂಕಿಯೊಂದೇ ಇದ್ದರೆ ಅನುಮಾನಿಸಿ, ಖೋಟಾ ಮುದ್ರೆಯವರಿಗೆ ಬಲು ಇಷ್ಟದ ಅಂಕಿ ಇದು. 19ನೇ ಶತಮಾನದ ವಸ್ತುವಿನಲ್ಲಿ ಸಾಮಾನ್ಯವಾಗಿ ಊರಿನ ಲಾಂಛನ, ಪರೀಕ್ಷಕನ ಹೆಸರಿನ ಮೊದಲಕ್ಷರ, ಅದರಡಿ ಇಸವಿ, ಅಕ್ಕಸಾಲಿಗನ ಗುರುತು ಎಲ್ಲವೂ ಇರುತ್ತವೆ. 1899ರಿಂದ ಶಿರೋಭೂಷಣ ತೊಟ್ಟ ಹೆಂಗಸಿನ ತಲೆಯ ಮುದ್ರೆ ಬಂತು: 1908ರವರೆಗೆ ಎಡಕ್ಕೆ ಮುಖ, ಆಮೇಲೆ ಬಲಕ್ಕೆ.

ಮುದ್ರೆ ಅಸಲಿಯಾದ ಮಾತ್ರಕ್ಕೆ ಬಟ್ಟಲು ಕಿದ್ದುಶ್‌ನದೇ ಎಂದಾಗದು. ಅದೇ ಆಕಾರದ ಬಟ್ಟಲಲ್ಲಿ ರಷ್ಯನ್ನರು ವೋಡ್ಕಾ ಕುಡಿಯುತ್ತಿದ್ದರು. ಮೋಸ ಇರುವುದು ಇಲ್ಲೇ. ಮಾಮೂಲಿ ಹಳೆ ಬಟ್ಟಲಿಗೆ ಇತ್ತೀಚೆಗೆ ನಾಲ್ಕು ಹೀಬ್ರೂ ಪದ ಕೊರೆದರೆ ಸಾಕು, ಬೆಲೆ ಹಾರುತ್ತದೆ. 10 ಪಟ್ಟಿನ ಭೂತಗನ್ನಡಿ ಹಿಡಿದು ಅಕ್ಷರದ ಅಂಚು ನೋಡಿ. ಹಳೆಯದಾದರೆ ಉಜ್ಜಿ ಉಜ್ಜಿ ದುಂಡಗಾಗಿರುತ್ತದೆ, ಗೀರುಗಳು ಅಲ್ಲಲ್ಲಿ ಅಂಚನ್ನು ಕಚ್ಚಿರುತ್ತವೆ. ಸುತ್ತಲ ಹೂಬಳ್ಳಿ ಸವೆದಿದ್ದು ಅಕ್ಷರ ಮಾತ್ರ ಬೆರಳಿಗೆ ಚುಚ್ಚಿದರೆ ಕೈಬಿಡಿ. ಕಾಗುಣಿತವನ್ನೂ ಹೀಬ್ರೂ ಬಲ್ಲವರಿಗೆ ತೋರಿಸಿ. ಭಾಷೆ ಬಾರದ ಕೆತ್ತನೆಗಾರ ದಾಲೆತ್ ಮತ್ತು ರೇಶ್ ಅಕ್ಷರಗಳನ್ನು ಅದಲುಬದಲು ಮಾಡಿ ಸಿಕ್ಕಿಬೀಳುತ್ತಾನೆ. ಎರಡೂ ನೋಡಲು ಅಷ್ಟು ಹತ್ತಿರ.

ಪ್ರಶ್ನೆ: ಯಹೂದಿ ಧರ್ಮಗ್ರಂಥ ತೋರಾ ಓದುವಾಗ ಸಾಲು ತೋರಿಸುವ ಬೆಳ್ಳಿ ಕಡ್ಡಿ ‘ಯಾದ್’ ಮೇಲೆ ಬರಹದ ಕೊನೆಗೆ ತಾವ್, ರೇಶ್, ಯೋದ್ ಇವೆ. ಇಸವಿಯೆ?

ಉತ್ತರ: ಇಸವಿಯೇ ಇರಬೇಕು. ಹೀಬ್ರೂ ಅಕ್ಷರಗಳಿಗೆ ಅಂಕಿಯ ಬೆಲೆಯೂ ಉಂಟು: ಇಲ್ಲಿ 400, 200, 10 ಸೇರಿ 610. ಹೀಬ್ರೂ ವರ್ಷ 5610ರಲ್ಲಿನ ಐದು ಸಾವಿರವನ್ನು ಬಿಟ್ಟು ಬರೆಯುವ ರೂಢಿಯಿದೆ. ಹಾಗಾಗಿ 1240 ಕೂಡಿಸಿ, 1850 ಬರುತ್ತದೆ. ಹೀಬ್ರೂ ವರ್ಷ ಶರತ್ಕಾಲದಲ್ಲಿ ಶುರುವಾಗುವುದರಿಂದ 1849ರ ಕೊನೆಯೂ ಆಗಬಹುದು. ಮುದ್ರೆಯೊಂದಿಗೆ ತಾಳೆ ನೋಡಿ. 1850ರ ಬರಹದ ಪಕ್ಕ ಹೆಂಗಸಿನ ತಲೆಯಿದ್ದರೆ ಮಾರುವವರು ಉತ್ತರ ಹೇಳಬೇಕು. ಮುದ್ರೆ ಹಳೆಯದು, ಬರಹ ತುಸು ಈಚಿನದು ಎಂದಾದರೆ ಅಡ್ಡಿಯಿಲ್ಲ. ಇದ್ದ ವಸ್ತುವನ್ನೇ ಆಮೇಲೆ ಕಾಣಿಕೆ ಕೊಟ್ಟಿರಬಹುದು.

ಪ್ರಶ್ನೆ: ತಂತಿ ಕುಸುರಿಯ ಗೋಪುರದಂಥ ಸುಗಂಧದ ಡಬ್ಬಿ ಕಪ್ಪಾಗಿದೆ. ಬೆಳ್ಳಿ ಅದ್ದುವ ದ್ರಾವಣ ಬಳಸಲೇ?

ಉತ್ತರ: ಬೇಡ. ಅದರಲ್ಲಿ ಆಮ್ಲವಿರುತ್ತದೆ, ತಂತಿಯ ತಿರುವುಗಳಲ್ಲಿ ನಿಂತು ತೊಳೆದರೂ ಹೋಗುವುದಿಲ್ಲ. ಮೆತ್ತನೆ ಕುಂಚದಿಂದ ಧೂಳು ತೆಗೆದು, ಸಂದಿಯ ಕಪ್ಪು ಹಾಗೇ ಇರಲಿ. ಕುಸುರಿ ಎದ್ದು ಕಾಣುವುದೇ ಅದರಿಂದ. ಎಲ್ಲಾದರೂ ಬೂದು ಬಣ್ಣದ ದಪ್ಪ ಬೆಸುಗೆ ಕಂಡರೆ ಅದು ಸೀಸದ ರಿಪೇರಿ. ಅಲ್ಲಿಗೆ ಬೆಂಕಿ ತಾಗಿಸಲು ಯಾರಿಗೂ ಬಿಡಬೇಡಿ, ಕಾದ ಸೀಸ ಬೆಳ್ಳಿಯನ್ನು ತಿಂದು ತೂತು ಮಾಡುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಹತ್ತಿರ ಬೇಡ, ಎರಡರಲ್ಲೂ ಗಂಧಕವಿದೆ.

ಪ್ರಶ್ನೆ: ಹಳೆ ಯಹೂದಿ ಬೆಳ್ಳಿ ವಸ್ತುವೊಂದರ ತಳದಲ್ಲಿ ‘ಜ್ಯೂಯಿಷ್ ಕಲ್ಚರಲ್ ರೀಕನ್‌ಸ್ಟ್ರಕ್ಷನ್’ ಎಂಬ ಸಣ್ಣ ಲೋಹದ ಬಿಲ್ಲೆಯಿದೆ. ಅಂದಗೆಡಿಸುತ್ತಿದೆ, ಕೀಳಬಹುದೆ?

ಉತ್ತರ: ಖಂಡಿತ ಬೇಡ. ನಾಜಿಗಳು ದೋಚಿದ, ವಾರಸುದಾರರು ಸಿಗದ ವಸ್ತುಗಳನ್ನು ಮಹಾಯುದ್ಧದ ನಂತರ ಹಂಚಿದ ಸಂಸ್ಥೆ ಅದು. ಬೆಳ್ಳಿಗಿಂತ ಮುಖ್ಯವಾದ ದಾಖಲೆ ಆ ಬಿಲ್ಲೆ. ಇಂಥವು ಹೋದದ್ದು ಹೆಚ್ಚಾಗಿ ಯಹೂದಿ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳಿಗೆ, ವಸ್ತುಸಂಗ್ರಹಾಲಯಗಳಿಗೆ. ಅಲ್ಲಿಂದ ಹೇಗೆ ಹೊರಬಂತೆಂಬ ಕಾಗದ ಕೇಳಿ, ಆಮೇಲೆ ಹಣ ಕೊಡಿ.